ಕೆಲಸ ಸಾಕಾಗಿದೆ, ಯೋಗ ಕಲಿಸುವ ಆಸೆ ಇದೆ: ಈ ಶನಿವಾರ, ಭಾನುವಾರ ಎಲ್ಲಿ ಕಳೆಯೋದು?

"ಆಫೀಸು ಸಾಕಾಗಿ ಹೋಗಿದೆ. ಯೋಗ ಟೀಚರ್ ಆಗೋಣ ಅನಿಸ್ತಿದೆ. ಎರಡು ದಿನ ರಜೆ ಸಿಕ್ಕಿದೆ. ಮನೆಯಲ್ಲೇ ಇರಲಾ, ಸಕಲೇಶಪುರದ ಕಡೆ ಹೋಮ್‌ಸ್ಟೇಗೆ ಹೋಗಲಾ, ಆಶ್ರಮಕ್ಕಾ, ಮೈಸೂರಿಗಾ?" ಬೆಂಗಳೂರಿನಲ್ಲಿ ದುಡಿಯುವವರು ಈ ಪ್ರಶ್ನೆಯನ್ನು ಒಂದಲ್ಲ ಒಂದು ರೀತಿಯಲ್ಲಿ ಕೇಳುತ್ತಲೇ ಇರುತ್ತಾರೆ. ಕೇಳುವಾಗ ಅವರ ದನಿಯಲ್ಲೇ ಸುಸ್ತು ಗೊತ್ತಾಗುತ್ತದೆ.

ಇದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ದಣಿವು ಆರಿಸಿಕೊಳ್ಳುವುದು ಎಲ್ಲಿ ಅನ್ನುವುದು ಒಂದು. ಯೋಗ ಕಲಿಸುವ ಕೆಲಸ ನನಗೆ ಹಿಡಿಸುತ್ತದಾ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ವೀಕೆಂಡಿಗೆ ತುರುಕಿದರೆ ಯಾವುದೂ ಸರಿಯಾಗಿ ಆಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ಈ ಎರಡು ದಿನ ಯಾವುದಕ್ಕೆ ಅಂತ ಮೊದಲೇ ತೀರ್ಮಾನಿಸಿ. ತುಂಬಾ ಬಳಲಿದ್ದರೆ ದಣಿವಿಗೇ ಕೊಡಿ. ಟೀಚರ್ ಆಗುವ ವಿಚಾರ ಇನ್ನೊಂದು ವಾರ ಕಾಯುತ್ತದೆ.

ಎಷ್ಟು ಬಳಲಿದ್ದೇನೆ ಅಂತ ತಿಳಿಯುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಅನ್ನು, ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬಳಲಿ ಹೋಗುವುದನ್ನು, ವಿವರಿಸುವಾಗ ಮೂರು ಲಕ್ಷಣ ಹೇಳಿತು. ಮೈಮನಸ್ಸಿನಲ್ಲಿ ತ್ರಾಣವೇ ಉಳಿಯದಿರುವುದು, ಕೆಲಸದ ಮೇಲೆ ಬೇಸರ ಬಂದು ಅದರಿಂದ ದೂರ ದೂರ ಆಗುವುದು, ಮಾಡುವ ಕೆಲಸ ಮೊದಲಿನಷ್ಟು ಚೆನ್ನಾಗಿ ಕೈಗೂಡದಿರುವುದು. ಅದು ಇದನ್ನು ಕಾಯಿಲೆ ಅಂತ ಕರೆಯಲಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂದಿತು. ಆದರೆ ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ, ಇದನ್ನು ಓದುವುದು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕಾಸು ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಂಥ ಹೊತ್ತಿನಲ್ಲಿ ಯಾವ ಹೋಮ್‌ಸ್ಟೇಯೂ ಡಾಕ್ಟರ ಜಾಗ ತುಂಬುವುದಿಲ್ಲ.

ಏನೇನು ನೋಡಿ ಆರಿಸಬೇಕು?

ಮೊದಲು ದಾರಿಯ ಗಂಟೆಗಳು. ಶುಕ್ರವಾರ ಸಂಜೆ ನೆಲಮಂಗಲದ ಕಡೆಯೋ ಕೆಂಗೇರಿಯ ಕಡೆಯೋ ಊರು ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾನುವಾರ ರಾತ್ರಿ ವಾಪಸ್ ಬರುವಾಗಲೂ ಅದೇ ಕಥೆ. ಹೋಗಿ ಬರುವುದು ಎರಡೂ ಸೇರಿ ಐದಾರು ಗಂಟೆ ಮೀರಿದರೆ, ಎರಡು ದಿನದ ರಜೆಗೆ ಅದು ಭಾರವೇ. ನಾನು ಮಿಕ್ಕ ಎಲ್ಲದಕ್ಕಿಂತ ಜಾಸ್ತಿ ತೂಕ ಕೊಡುವುದು ಇದಕ್ಕೆ.

ಎರಡನೆಯದು ಮನೆಯ ಹೊರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದರಲ್ಲೂ ಹೆಂಗಸರು. ಗಂಡ, ಮಕ್ಕಳು, ಅತ್ತೆ, ಮಾವ ಎಲ್ಲ ಇರುವ ಮನೆಯಲ್ಲಿ "ಮನೆಯಲ್ಲೇ ರೆಸ್ಟ್ ತಗೋ" ಅನ್ನುವ ಮಾತಿಗೆ ಅರ್ಥವಿಲ್ಲ. ಮೂರು ಹೊತ್ತಿನ ಅಡುಗೆ, ಪಾತ್ರೆ, ಮಕ್ಕಳ ಹೋಮ್‌ವರ್ಕ್ ಎಲ್ಲ ಅಲ್ಲೇ ಇರುತ್ತವೆ. ಅಂಥವರು ಮನೆ ಬಿಟ್ಟು ಹೋಗುವುದೇ ಸರಿ, ಹತ್ತೇ ಕಿಲೋಮೀಟರ್ ದೂರ ಆದರೂ ಪರವಾಗಿಲ್ಲ. ಒಬ್ಬರೇ ಇರುವವರಿಗೆ ಮನೆಯೇ ಸಾಕಾಗಬಹುದು.

ಮೂರನೆಯದು ದುಡ್ಡು. ನಾಳೆ ಕೆಲಸ ಬಿಡುವ ಯೋಚನೆ ಇದ್ದರೆ ಈಗಿನಿಂದಲೇ ಲೆಕ್ಕ ಹಾಕಿ. ಟೀಚರ್ ಟ್ರೈನಿಂಗ್ ಕೋರ್ಸಿಗೆ ಹಣ ಬೇಕು. ಕೋರ್ಸ್ ಮುಗಿದ ಮೇಲೆ ಬ್ಯಾಚ್ ತುಂಬುವವರೆಗೆ ಮನೆ ನಡೆಸಲೂ ಬೇಕು. ಅದನ್ನು ಒಂದು ರೆಸಾರ್ಟಿಗೆ ಸುರಿಯುವುದು ಬೇಡ.

ಫೋನಿನ ವಿಚಾರಕ್ಕೆ ಜಾಸ್ತಿ ಮಾತು ಬೇಡ. ಆಫೀಸಿನ ಮೆಸೇಜು ತಲುಪುವ ಜಾಗ ಯಾವುದೇ ಇರಲಿ, ಅದು ಆಫೀಸೇ.

ಕೊನೆಯದು, ಯೋಗ ಕಲಿಸುವುದರ ಬಗ್ಗೆ ಈ ಎರಡು ದಿನ ನನಗೆ ಏನನ್ನಾದರೂ ತಿಳಿಸಿಕೊಡುತ್ತವಾ? ದಣಿವು ಆರಿಸಿಕೊಳ್ಳಲು ಹೋಗುವವರು ಇದನ್ನು ಕೇಳಿಕೊಳ್ಳಬೇಕಾಗಿಲ್ಲ. ಟೀಚರ್ ಆಗುವ ಯೋಚನೆಗೆ ಒಂದು ದಾರಿ ಕಾಣಲಿ ಅಂತ ಹೋಗುವವರಿಗೆ ಇದೇ ಮುಖ್ಯ.

ಮನೆಯಲ್ಲೇ ಎರಡು ದಿನ

ಖರ್ಚಿಲ್ಲ, ದಾರಿ ಇಲ್ಲ. ಆದರೆ ಮೊದಲೇ ಒಂದಿಷ್ಟು ಏರ್ಪಾಡು ಮಾಡಿಕೊಳ್ಳದಿದ್ದರೆ ಮನೆಯ ವೀಕೆಂಡ್ ಮೊಬೈಲು, ಟಿವಿ, ಬಟ್ಟೆ ಒಗೆಯುವುದರಲ್ಲೇ ಕಳೆದುಹೋಗುತ್ತದೆ. ಶುಕ್ರವಾರ ರಾತ್ರಿಯೇ ದೋಸೆ ಹಿಟ್ಟು ರೆಡಿ ಇರಲಿ, ತರಕಾರಿ ತಂದಿಟ್ಟಿರಲಿ. ಆಫೀಸಿನ ಲ್ಯಾಪ್‌ಟಾಪ್ ಬೀರುವಿನೊಳಗೆ ಹೋಗಲಿ. ಶನಿವಾರ ಎಷ್ಟು ಹೊತ್ತು ನಿದ್ದೆ ಬರುತ್ತದೋ ಅಷ್ಟು ಹೊತ್ತು ಮಲಗಿ. ಅಲಾರಾಂ ಬೇಡ.

ಬಳಲಿದವರು ಮಾಡುವ ಒಂದು ಕೆಲಸ ನನಗೆ ಇಷ್ಟವಾಗುವುದಿಲ್ಲ. ರಜೆ ಸಿಕ್ಕಿತು ಅಂತ ಬೆಳಗ್ಗೆಯೇ ಎದ್ದು 108 ಸೂರ್ಯನಮಸ್ಕಾರಕ್ಕೆ ಇಳಿಯುತ್ತಾರೆ. ದೇಹ ಬೇಡ ಅನ್ನುತ್ತಿರುವಾಗ ಅದು ಇನ್ನೊಂದು ಡೆಡ್‌ಲೈನ್ ಇದ್ದ ಹಾಗೆ. ಅದರ ಬದಲು ಆಸನ ಕಡಿಮೆ ಮಾಡಿ, ಶವಾಸನ ಜಾಸ್ತಿ ಮಾಡಿ. ಜಿಗಣಿಯ ಹತ್ತಿರದ ಪ್ರಶಾಂತಿ ಕುಟೀರದಲ್ಲಿರುವ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯ ಆವರ್ತನ ಧ್ಯಾನ ಅನ್ನುವ ಕ್ರಮವೊಂದನ್ನು ರೂಪಿಸಿದೆ. ಮಾಂಡೂಕ್ಯ ಕಾರಿಕೆ ಅನ್ನುವ ಹಳೆಯ ವೇದಾಂತ ಗ್ರಂಥದ ಒಂದು ಶ್ಲೋಕ ಅದಕ್ಕೆ ಆಧಾರ. ಮನಸ್ಸು ಜಡವಾದಾಗ ಎಬ್ಬಿಸು, ಚದುರಿದಾಗ ಶಾಂತಗೊಳಿಸು ಅನ್ನುವುದು ಅದರ ಸಾರ. ಅದರಂತೆ ಒಂದು ಆಸನ, ಆಮೇಲೆ ವಿಶ್ರಾಂತಿ, ಮತ್ತೆ ಆಸನ, ಮತ್ತೆ ವಿಶ್ರಾಂತಿ. ಎಲ್ಲವೂ ತೀರಾ ನಿಧಾನ. ಕಾಲ್ಬೆರಳಿನಿಂದ ಶುರುಮಾಡಿ ನೆತ್ತಿಯವರೆಗೆ ಒಂದೊಂದೇ ಭಾಗ ಸಡಿಲಿಸುತ್ತಾ ಹೋಗುವಾಗ, ಸೊಂಟದ ಕೆಳಗೆ ಅಕಾರ, ಎದೆ ಹೊಟ್ಟೆಗೆ ಉಕಾರ, ತಲೆಗೆ ಮಕಾರ ಹೇಳಿಸುತ್ತಾರೆ. ದನಿ ಎಲ್ಲಿ ಕಂಪಿಸುತ್ತಿದೆ ಅಂತ ಗಮನಿಸುತ್ತಾ ಇರುವಾಗಲೇ ಹಲವರಿಗೆ ನಿದ್ದೆ ಬಂದುಬಿಡುತ್ತದೆ. ಬರಲಿ ಬಿಡಿ. ಅವರಿಗೆ ಬೇಕಿದ್ದದ್ದೂ ಅದೇ.

ಒಬ್ಬರೇ ಇರುವವರು, ಕೈಯಲ್ಲಿ ದುಡ್ಡು ಕಮ್ಮಿ ಇರುವವರು, ತುಂಬಾ ಸುಸ್ತಾದವರು ಇವರಿಗೆಲ್ಲ ಮನೆಯೇ ಮೊದಲ ಆಯ್ಕೆ.

ಮಲೆನಾಡಿನ ಹೋಮ್‌ಸ್ಟೇ

ಸಕಲೇಶಪುರ, ಮೂಡಿಗೆರೆ, ಮಡಿಕೇರಿ. ಊಟ ತಿಂಡಿ ಸೇರಿ ಒಬ್ಬರಿಗೆ ದಿನಕ್ಕೆ ಸಾಮಾನ್ಯವಾಗಿ ಎರಡು, ಮೂರು ಸಾವಿರ ರೂಪಾಯಿ ಆಗುತ್ತದೆ. ಸೀಸನ್‌ನಲ್ಲಿ ಇನ್ನೂ ಜಾಸ್ತಿ. ಅಡುಗೆಯ ಚಿಂತೆ ಇಲ್ಲ. ಬೆಳಗ್ಗೆ ಕಡುಬೋ ಅಕ್ಕಿರೊಟ್ಟಿಯೋ ಬಿಸಿಬಿಸಿ ಬರುತ್ತದೆ. ಕಾಫಿ ತೋಟದ ನೆರಳಲ್ಲಿ ಸುಮ್ನೆ ನಡೆಯಬಹುದು. ಎಷ್ಟೋ ಕಡೆ ಸಿಗ್ನಲ್ಲೇ ಸಿಗುವುದಿಲ್ಲ, ಇದು ದೊಡ್ಡ ಲಾಭ.

ತೊಂದರೆ ದಾರಿಯದು. ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿಲೋಮೀಟರ್. ಹೋಗುವುದಕ್ಕೇ ನಾಲ್ಕೂವರೆ, ಐದು ಗಂಟೆ ಬೇಕು. ಬರುವುದಕ್ಕೂ ಅಷ್ಟೇ. ಮಡಿಕೇರಿ ಇನ್ನೂ ದೂರ. ಕಾರನ್ನು ನೀವೇ ಓಡಿಸಬೇಕು ಅಂದರೆ ಎರಡು ದಿನಕ್ಕೆ ಹೋಗಲೇಬೇಡಿ ಅನ್ನುತ್ತೇನೆ. ಸೋಮವಾರಕ್ಕೂ ರಜೆ ಹಾಕಿ, ಸಕಲೇಶಪುರಕ್ಕೆ ರೈಲಿನಲ್ಲಿ ಹೋಗಿ, ಸ್ಟೇಷನ್ನಿಗೆ ಹೋಮ್‌ಸ್ಟೇಯವರ ಜೀಪು ಬರುವ ಹಾಗೆ ಮಾತಾಡಿಕೊಂಡರೆ ಇದಕ್ಕಿಂತ ಒಳ್ಳೆಯ ವಿಶ್ರಾಂತಿ ಇಲ್ಲ. ಬುಕ್ ಮಾಡುವ ಮುಂಚೆ ಒಂದು ಮಾತು ಕೇಳಿ: ಅವತ್ತು ಬೇರೆ ಯಾವುದಾದರೂ ದೊಡ್ಡ ಗುಂಪು ಬರುತ್ತಿದೆಯಾ? ಕ್ಯಾಂಪ್‌ಫೈರ್, ಡಿಜೆ ಇಟ್ಟುಕೊಂಡ ತಂಡದ ಪಕ್ಕದ ರೂಮಿನಲ್ಲಿ ವಿಶ್ರಾಂತಿ ಸಿಗುವುದಿಲ್ಲ.

ಯೋಗ ಕಲಿಸುವ ವಿಚಾರದಲ್ಲಿ ಇಲ್ಲಿಂದ ಏನೂ ತಿಳಿಯುವುದಿಲ್ಲ. ದಣಿವಿಗೆ ಮಾತ್ರ ಸರಿ.

ಆಶ್ರಮ, ಯೋಗಕೇಂದ್ರ

ಬೆಂಗಳೂರಿನವರ ಅದೃಷ್ಟ, ಇವು ಕೈಗೆಟುಕುವ ದೂರದಲ್ಲೇ ಇವೆ. ಜಿಗಣಿಯ ಕಡೆ ಪ್ರಶಾಂತಿ ಕುಟೀರ, ಕನಕಪುರ ರಸ್ತೆಯಲ್ಲಿ ಆರ್ಟ್ ಆಫ್ ಲಿವಿಂಗ್ ಆಶ್ರಮ, ಚಿಕ್ಕಬಳ್ಳಾಪುರದ ಹತ್ತಿರ ಈಶಾದ ಸದ್ಗುರು ಸನ್ನಿಧಿ. ಹಸಿರುಮಾರ್ಗದ ಮೆಟ್ರೋದಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಹೋಗಿ, ಅಲ್ಲಿಂದ ಬಸ್ಸೋ ಆಟೋವೋ ಹಿಡಿದರೆ ಕನಕಪುರ ರಸ್ತೆಯ ಆಶ್ರಮ ಮುಟ್ಟಬಹುದು.

ಇಲ್ಲಿ ದಿನಚರಿ ಮೊದಲೇ ಗೊತ್ತಾಗಿರುತ್ತದೆ. ಏಳುವುದು, ಊಟ, ಅಭ್ಯಾಸ, ಮಲಗುವುದು ಎಲ್ಲಕ್ಕೂ ಹೊತ್ತು ಇದೆ. ದಿನವಿಡೀ ತೀರ್ಮಾನ ತೆಗೆದುಕೊಂಡೇ ಬಳಲಿದ ಮ್ಯಾನೇಜರಿಗೆ ಇದು ದೊಡ್ಡ ನೆಮ್ಮದಿ. ಇವತ್ತು ಏನು ತಿನ್ನಲಿ ಅಂತಲೂ ಯೋಚಿಸಬೇಕಾಗಿಲ್ಲ. ಆದರೆ ಗಡಿಯಾರ ನೋಡಿ ನೋಡಿಯೇ ಸಾಕಾದವರಿಗೆ ಬೆಳಗಿನ ಜಾವದ ಗಂಟೆ ಹಿಂಸೆ ಅನಿಸಬಹುದು. ನೀವು ಎರಡರಲ್ಲಿ ಯಾರು ಅಂತ ನಿಮಗೇ ಗೊತ್ತಿರುತ್ತದೆ.

ಇನ್ನೊಂದು ಎಚ್ಚರ ಬೇಕು. ಪ್ರತಿ ಸಂಸ್ಥೆಗೂ ಅದರದ್ದೇ ಪದ್ಧತಿ, ಅದರದ್ದೇ ಗುರು, ಅದರದ್ದೇ ಮುಂದಿನ ಕೋರ್ಸ್ ಇರುತ್ತದೆ. ದಣಿದ ಮನಸ್ಸು ಬೇಗ ಕರಗುತ್ತದೆ. ಭಾನುವಾರ ಮಧ್ಯಾಹ್ನ, ಕಣ್ಣು ತುಂಬಿ ಬಂದ ಹೊತ್ತಿನಲ್ಲಿ, ಯಾವ ಟೀಚರ್ ಟ್ರೈನಿಂಗಿಗೂ ದುಡ್ಡು ಕಟ್ಟಬೇಡಿ. ಫಾರಂ ತೆಗೆದುಕೊಂಡು ಮನೆಗೆ ಬನ್ನಿ.

ಟೀಚರ್ ಆಗಬೇಕು ಅನ್ನುವವರಿಗೆ ಇಲ್ಲಿ ಒಂದು ಲಾಭ ಇದೆ. ಪಾಠ ಹೇಳುವವರ ದಿನ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಬಹುದು. ಬೆಳಗ್ಗೆ ಐದೂವರೆಗೆ ಜಮಖಾನ ಹಾಸಿದವರೇ ರಾತ್ರಿ ಎಂಟಕ್ಕೂ ಯೋಗದ ಹಾಲ್‌ನಲ್ಲಿ ಇದ್ದಾರಾ ಅಂತ ಗಮನಿಸಿ. ಬಿಡುವಿದ್ದಾಗ ಅವರ ಹತ್ತಿರ ಕೂತು ಮಾತಾಡಿ.

ಮೈಸೂರು

ಯೋಗ ಅಂದ ಕೂಡಲೇ ಮೈಸೂರಿನ ಹೆಸರು ಬರುವುದಕ್ಕೆ ಕಾರಣ ಇದೆ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಕೋಲಾರದ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನ ಜಿಲ್ಲೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರು, ಯೋಗವನ್ನು ಹೊರದೇಶಗಳಿಗೂ ಮುಟ್ಟಿಸಿದವರು. ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮ ಸಂಸ್ಥೆ ಕಟ್ಟಿದರು. ಆಮೇಲೆ ಅದು ಗೋಕುಲಂಗೆ ಬಂತು. ಇವತ್ತಿಗೂ ಗೋಕುಲಂ ಬೀದಿಗಳಲ್ಲಿ ಬೆಳಗಿನ ಜಾವ ಮ್ಯಾಟ್ ಹೆಗಲಿಗೇರಿಸಿ ಹೋಗುವ ಹೊರದೇಶದವರು ಕಾಣುತ್ತಾರೆ.

ಆದರೆ ವೀಕೆಂಡಿಗೆ ಅಂತ ಹೋಗುವವರು ಎಡವುವುದು ಇಲ್ಲೇ. ಜೋಯಿಸರು ಕಲಿಸಿದ ಅಷ್ಟಾಂಗ ವಿನ್ಯಾಸ ಪರಂಪರೆಯಲ್ಲಿ ಶನಿವಾರ ರಜೆ. ಅಮಾವಾಸ್ಯೆ, ಹುಣ್ಣಿಮೆಗೂ ರಜೆ. ಹೆಸರಾಂತ ಶಾಲೆಗಳು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದು ತಿಂಗಳ ಲೆಕ್ಕದಲ್ಲಿ. ಒಂದು ದಿನಕ್ಕೆ ಬಂದು ಹೋಗುವವರಿಗೆ ಅಲ್ಲಿ ಜಾಗ ಇರುವುದಿಲ್ಲ. ಹೋಗುವ ಮುಂಚೆ ಗೋಡೆಯ ಕ್ಯಾಲೆಂಡರ್ ನೋಡಿ, ಶಾಲೆಗೆ ಫೋನ್ ಮಾಡಿ. ಬಿಡಿ ತರಗತಿಗೆ ಸೇರಿಸಿಕೊಳ್ಳುವ ಚಿಕ್ಕ ಶಾಲೆಗಳೂ ಊರಲ್ಲಿವೆ. ಶುಕ್ರವಾರ ರಜೆ ಹಾಕಿಯೋ ಸೋಮವಾರ ಸೇರಿಸಿಕೊಂಡೋ ಹೋಗುವುದು ಜಾಣತನ.

ಹೋದರೆ ಸಿಗುವುದೇನು? ಮೈಸೂರು ಶೈಲಿಯ ಕಲಿಕೆಯನ್ನು ಕಣ್ಣಾರೆ ನೋಡಬಹುದು. ಅಲ್ಲಿ ಗುರುಗಳು ಮುಂದೆ ನಿಂತು ಎಲ್ಲರಿಗೂ ಒಂದೇ ಪಾಠ ಹೇಳುವುದಿಲ್ಲ. ಒಂದೇ ಕೋಣೆಯಲ್ಲಿ ಒಬ್ಬೊಬ್ಬರು ತಮ್ಮ ಉಸಿರಿಗೆ ತಕ್ಕಂತೆ ತಮಗೆ ಗೊತ್ತಿರುವಷ್ಟನ್ನು ಮಾಡುತ್ತಿರುತ್ತಾರೆ. ಗುರು ನಡುವೆ ಓಡಾಡುತ್ತಾ ಒಬ್ಬರ ಭುಜ ತಿದ್ದುತ್ತಾರೆ, ಇನ್ನೊಬ್ಬರಿಗೆ ಮುಂದಿನ ಆಸನ ಕೊಡುತ್ತಾರೆ, ಮತ್ತೊಬ್ಬರಿಗೆ ಇವತ್ತಿಗೆ ಇಷ್ಟು ಸಾಕು ಅನ್ನುತ್ತಾರೆ. ಕಲಿಸುವ ಕೆಲಸದಲ್ಲಿ ಬಾಯಿಗಿಂತ ಕಣ್ಣಿಗೆ ಎಷ್ಟು ದುಡಿಮೆ ಇದೆ ಅಂತ ಇಲ್ಲಿ ತಿಳಿಯುತ್ತದೆ.

ರೈಲಿನಲ್ಲಿ ಎರಡೂವರೆ, ಮೂರು ಗಂಟೆ, ಟಿಕೆಟ್ ಅಗ್ಗ, ಉಳಿಯಲು ಎಲ್ಲ ದರದ ರೂಮುಗಳೂ ಇವೆ. ಅಭ್ಯಾಸ ಸಿಗದಿದ್ದರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು ಬರಬಹುದು. ದಣಿವಿಗೂ ಕಲಿಕೆಗೂ ಅರ್ಧರ್ಧ ಆಗುವ ಆಯ್ಕೆ ಇದು. ಮೂರು ದಿನ ಇದ್ದರೆ ಮಾತ್ರ.

ಪಕ್ಕದ ಬೀದಿಯ ತರಗತಿ

ಇದನ್ನು ಯಾರೂ ಆಯ್ಕೆ ಅಂತಲೇ ಎಣಿಸುವುದಿಲ್ಲ. ಟೀಚರ್ ಆಗುವ ಆಸೆ ನಿಜವಾ ಅಂತ ನೋಡಿಕೊಳ್ಳಲು ನಾನು ಮೊದಲು ಹೇಳುವುದೇ ಇದನ್ನು.

ನಿಮ್ಮ ಬಡಾವಣೆಯಲ್ಲೇ ದೇವಸ್ಥಾನದ ಹಾಲಿನಲ್ಲೋ, ಶಾಲೆಯಲ್ಲೋ, ಪಾರ್ಕಿನಲ್ಲೋ ಬೆಳಗ್ಗೆ ಯೋಗ ನಡೆಯುತ್ತಿರುತ್ತದೆ. 1980ರಲ್ಲಿ ತುಮಕೂರಿನಲ್ಲಿ ಶುರುವಾದ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯ ಉಚಿತ ತರಗತಿಗಳು ಊರೂರಲ್ಲಿವೆ. ಅಲ್ಲಿ ಹೇಳಿಕೊಡುವವರು ಸಂಬಳಕ್ಕೆ ಬಂದವರಲ್ಲ. ಕಲಿಯಲು ಬಂದವರೇ ಬೆಳೆದು ಕಲಿಸುವವರಾಗಿದ್ದಾರೆ. ಶನಿವಾರ ಬೆಳಗ್ಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ತರಗತಿ ಮಾಡಿ. ಮುಗಿದ ಮೇಲೆ ಶಿಕ್ಷಕರಿಗೆ ನಮಸ್ಕಾರ ಹೇಳಿ, "ಸರ್, ಕಲಿಸೋದನ್ನ ಕಲಿಯೋ ಆಸೆ ಇದೆ, ನಿಮ್ಮ ಜೊತೆ ಒಂದಿಷ್ಟು ದಿನ ನಿಂತ್ಕೊಳ್ಳಲಾ?" ಅಂತ ಕೇಳಿ. ಮೊದಲು ಜಮಖಾನ ಹಾಸುವ ಕೆಲಸ ಸಿಗಬಹುದು. ಅದನ್ನೂ ಮಾಡಿ.

ಭಾನುವಾರ ಮನೆಯಲ್ಲೇ ಒಬ್ಬರಿಗೆ ಹೇಳಿಕೊಡಿ. ಚಿಕ್ಕಮ್ಮನೋ ಪಕ್ಕದ ಮನೆಯ ಅಂಕಲ್ಲೋ ಆಗಬಹುದು. ಮಂಡಿ ನೋವು ಇರುವವರಾದರೆ ಇನ್ನೂ ಒಳ್ಳೆಯದು. ಎದುರು ನಿಂತು "ಬಲಗಾಲು" ಅನ್ನುವಾಗ ನೀವು ಎಡಗಾಲು ಇಡಬೇಕು, ಇಲ್ಲದಿದ್ದರೆ ಅವರಿಗೆ ಗೊಂದಲ. ತ್ರಿಕೋನಾಸನಕ್ಕೆ ಬಾಗಿಸಿದರೆ ಅವರು ಪಕ್ಕಕ್ಕೆ ಬಾಗುವ ಬದಲು ಮುಂದಕ್ಕೆ ಬಾಗುತ್ತಾರೆ, ಮೇಲಿನ ಭುಜ ಎದೆಯ ಕಡೆ ಉರುಳುತ್ತದೆ, ಉಸಿರು ಕಟ್ಟುತ್ತದೆ. ಇದನ್ನೆಲ್ಲ ನೀವು ನೋಡಬೇಕು, ಒಂದೇ ಒಂದು ತಿದ್ದಬೇಕು, ಅದೂ ಅವರಿಗೆ ಅರ್ಥವಾಗುವ ಮಾತಿನಲ್ಲಿ. ವಜ್ರಾಸನದಲ್ಲಿ ಕೂರಲು ಆಗದಿದ್ದರೆ ಮೀನಖಂಡಕ್ಕೂ ತೊಡೆಗೂ ನಡುವೆ ಮಡಿಸಿದ ಹೊದಿಕೆ ಇಡಿ. ಆಗಲೂ ನೋವು ಅಂದರೆ ಕುರ್ಚಿಯಲ್ಲೇ ಕೂರಿಸಿ. ನಿಮ್ಮ ಪ್ಲಾನು ಅಷ್ಟಕ್ಕೇ ಬದಲಾಯಿತು.

ಮುಗಿದ ಮೇಲೆ ನಿಮಗೆ ಹೇಗನಿಸಿತು ಅಂತ ಗಮನಿಸಿ. ಅವರ ಮಂಡಿಗೆ ನಾಳೆ ಇನ್ನೇನು ಮಾಡಿಸಬಹುದು ಅನ್ನುವ ಯೋಚನೆ ತಾನಾಗಿ ಬರುತ್ತಿದ್ದರೆ, ನಿಮ್ಮಲ್ಲಿ ಕಲಿಸುವ ಆಸೆ ಇದೆ. ಯಾವಾಗ ಮುಗಿಯುತ್ತದೋ, ನಾನು ನನ್ನ ಅಭ್ಯಾಸ ಯಾವಾಗ ಮಾಡಿಕೊಳ್ಳಲಿ ಅನಿಸಿದ್ದರೆ, ನಿಮಗೆ ಬೇಕಿರುವುದು ಯೋಗವೇ ಹೊರತು ಯೋಗ ಕಲಿಸುವ ಕೆಲಸ ಇರಲಿಕ್ಕಿಲ್ಲ. ಅದರಲ್ಲಿ ಬೇಸರಪಡುವಂಥದ್ದು ಏನಿಲ್ಲ. ನಿಮ್ಮ ಮ್ಯಾಟು ನಿಮ್ಮದಾಗಿಯೇ ಉಳಿಯಲಿ. ಆಫೀಸಿನ ವಿಷಯಕ್ಕೆ ಬೇರೆ ಪರಿಹಾರ ಹುಡುಕಬಹುದು.

ಖರ್ಚು ಸೊನ್ನೆ. ಆದರೆ ತೀರಾ ಸೋತು ಹೋಗಿದ್ದರೆ ಈ ವಾರ ಬೇಡ. ಬಳಲಿದವರಿಗೆ ಇನ್ನೊಬ್ಬರ ದೇಹವನ್ನು ಗಮನಿಸುವ ತಾಳ್ಮೆ ಇರುವುದಿಲ್ಲ. ಅದನ್ನು ನೋಡಿ "ನಾನು ಇದಕ್ಕೂ ಲಾಯಕ್ಕಿಲ್ಲ" ಅಂದುಕೊಳ್ಳುವ ಅಪಾಯ ಇದೆ.

ಎರಡು ದಿನದಲ್ಲಿ ಆಗದವು

ಮೌನವಾಗಿ ಕೂತು ಧ್ಯಾನ ಮಾಡುವ ವಿಪಶ್ಯನ ಶಿಬಿರ ಹೇಗೆ ಅಂತ ಕೇಳುವವರಿದ್ದಾರೆ. ಬೆಂಗಳೂರಿನ ತುಮಕೂರು ರಸ್ತೆಯ ಕಡೆ ಆಲೂರಿನಲ್ಲಿ ಅದರ ಕೇಂದ್ರ ಇದೆ. ಹೊಸಬರಿಗೆ 10 ದಿನದ ಶಿಬಿರ. ಶುಲ್ಕ ಇಲ್ಲ, ಮಾತು ಇಲ್ಲ. ಚಿಕ್ಕ ಶಿಬಿರಗಳು ಹಳೆಯ ಸಾಧಕರಿಗೆ ಮಾತ್ರ. ಶಿಬಿರದ ದಿನಗಳಲ್ಲಿ ಯೋಗಾಸನವನ್ನೂ ಬಿಡಬೇಕು. ದಿನಕ್ಕೆ ಹತ್ತು ಗಂಟೆ ಕಣ್ಣುಮುಚ್ಚಿ ಕೂರುವುದು ಸಣ್ಣ ಕೆಲಸವಲ್ಲ. ಮನಸ್ಸು ತೀರಾ ಕುಗ್ಗಿರುವಾಗ ಡಾಕ್ಟರನ್ನು ಕೇಳದೆ ಹೋಗಬೇಡಿ. ಧರ್ಮಸ್ಥಳದ ಶಾಂತಿವನದಂಥ ಪ್ರಕೃತಿ ಚಿಕಿತ್ಸಾಲಯಗಳಿಗೂ ದಿನಗಳು ಬೇಕು. ವಾರ ರಜೆ ಸಿಕ್ಕಾಗ ನೋಡಿ.

ಯಾರಿಗೆ ಯಾವುದು?

ಪೀಜಿಯಲ್ಲಿ ಮೂವರ ಜೊತೆ ರೂಮ್ ಹಂಚಿಕೊಂಡಿರುವ ಹುಡುಗ, ಹುಡುಗಿಯರಿಗೆ ಮನೆಯ ಆಯ್ಕೆ ನಡೆಯುವುದಿಲ್ಲ. ಆಶ್ರಮದ ಡಾರ್ಮಿಟರಿಗೆ ಹೋಗಿ, ಇಲ್ಲವಾದರೆ ಊರಿಗೆ ಹೋಗಿ ಅಮ್ಮನ ಕೈಯಡುಗೆ ಉಂಡು ಮಲಗಿ. ಊರು ಹತ್ತಿರ ಇದ್ದರೆ ಅದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಚಿಕ್ಕ ಮಕ್ಕಳ ತಾಯಿಗೆ ಆಶ್ರಮ ಇಲ್ಲವೇ ಯೋಗಕೇಂದ್ರ, ಒಬ್ಬರೇ, ಮಕ್ಕಳನ್ನು ಗಂಡನ ಜೊತೆ ಬಿಟ್ಟು. ಗಂಡಂದಿರು ಇದನ್ನು ಓದುತ್ತಿದ್ದರೆ ಈ ವಾರವೇ ಆ ಏರ್ಪಾಡು ಮಾಡಿಕೊಡಿ. ದುಡ್ಡಿದೆ, ರಜೆಯೂ ಮೂರು ದಿನ ಇದೆ ಅನ್ನುವವರಿಗೆ ಹೋಮ್‌ಸ್ಟೇ. ದಣಿವು ಅಷ್ಟಿಲ್ಲ, ಕೆಲಸದ ಮೇಲಿನ ಮನಸ್ಸು ಮಾತ್ರ ಹೋಗಿದೆ ಅನ್ನುವವರು ಪಕ್ಕದ ಬೀದಿಗೆ ಹೋಗಿ. ಅಲ್ಲಿ ಕೆಲವು ವಾರ ನಿಂತ ಮೇಲೂ ಆಸೆ ಹಾಗೇ ಇದ್ದರೆ ಮೈಸೂರು.

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ

ಆ ಹಂತಕ್ಕೆ ಬಂದವರಿಗೆ ಇಷ್ಟು ತಿಳಿದಿರಲಿ. ಜಾಹೀರಾತಿನಲ್ಲಿ ಕಾಣುವ "200 ಗಂಟೆ" ಕೋರ್ಸು ಹೆಚ್ಚಾಗಿ ಅಮೆರಿಕದ ಯೋಗ ಅಲೈಯನ್ಸ್ ಅನ್ನುವ ಸಂಸ್ಥೆಯ ಅಳತೆ. ಹೊರದೇಶದಲ್ಲಿ ಕಲಿಸುವವರಿಗೆ ಅದು ಉಪಯೋಗ. ನಮ್ಮಲ್ಲಿ ಆಯುಷ್ ಸಚಿವಾಲಯದ ಅಡಿಯಲ್ಲಿ ಯೋಗ ಸರ್ಟಿಫಿಕೇಷನ್ ಬೋರ್ಡ್ ಇದೆ. ಅದು ಪರೀಕ್ಷೆ ನಡೆಸಿ ಹಂತ ಹಂತವಾಗಿ ಪ್ರಮಾಣಪತ್ರ ಕೊಡುತ್ತದೆ. ಶಾಲೆಗಳಲ್ಲಿ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಕಲಿಸುವ ಯೋಚನೆ ಇದ್ದರೆ ಅದರ ಕಡೆ ನೋಡಿ. ಎಸ್-ವ್ಯಾಸದಂಥ ಕಡೆ ಅಲ್ಲೇ ಉಳಿದು ಕಲಿಯುವ ಶಿಕ್ಷಕರ ಕೋರ್ಸಿಗೆ ಒಂದು ತಿಂಗಳು ಬೇಕು. ಅಷ್ಟು ರಜೆ ಸಿಗದವರಿಗೆ ಶನಿವಾರ, ಭಾನುವಾರ ಕಲಿಸುವ ಸಂಸ್ಥೆಗಳಿವೆ. ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಸಂಬಳ ನಿಲ್ಲುವುದಿಲ್ಲ. ಬಳಲಿಕೆಯ ನಡುವೆ ಕೆಲಸ ಬಿಡುವುದಕ್ಕಿಂತ ಈ ದಾರಿ ನನಗೆ ಹಿಡಿಸುತ್ತದೆ.

ಸೇರುವ ಮುಂಚೆ ಕೇಳಬೇಕಾದ್ದು: ಪಾಠ ಹೇಳುವ ಅಭ್ಯಾಸಕ್ಕೆ ಎಷ್ಟು ಗಂಟೆ ಇಟ್ಟಿದ್ದಾರೆ? ನಾನು ಕಲಿಸುವುದನ್ನು ಯಾರಾದರೂ ಕೂತು ನೋಡಿ ತಿದ್ದುತ್ತಾರಾ? ಒಂದು ಬ್ಯಾಚಿನಲ್ಲಿ ಎಷ್ಟು ಜನ? ಅರ್ಧಕ್ಕೆ ಬಿಡಬೇಕಾದರೆ ಹಣ ವಾಪಸ್ ಇದೆಯಾ? ಕಲಿತು ಹೋದ ಇಬ್ಬರು ಮೂವರ ಜೊತೆ ಮಾತಾಡಿಸುತ್ತಾರಾ? ಕೊನೆಯ ಪ್ರಶ್ನೆಗೆ ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಮಾತಾಡಲು ಸಿಕ್ಕವರನ್ನು ಅವರ ದಿನದ ಬಗ್ಗೆ ಕೇಳಿ. ಯೋಗ ಕಲಿಸುವವರ ದುಡಿಮೆ ಬೇರೆಯವರ ಬಿಡುವಿನ ಹೊತ್ತಿನಲ್ಲಿ. ಬೆಳಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಎಂಟು. ಮಧ್ಯಾಹ್ನ ಪೂರ್ತಿ ಖಾಲಿ. ಮನೆಯವರೆಲ್ಲ ಒಟ್ಟಿಗೆ ಇರುವ ಹೊತ್ತಿಗೇ ನೀವು ತರಗತಿಯ ಹಾಲ್‌ನಲ್ಲಿ ಇರುತ್ತೀರಿ. ಯಾವ ತಿಂಗಳಲ್ಲಿ ಬ್ಯಾಚ್ ಖಾಲಿಯಾಗುತ್ತದೆ, ಆಗ ಬಾಡಿಗೆ ಹೇಗೆ ಕಟ್ಟುತ್ತಾರೆ, ಮೈ ಹುಷಾರಿಲ್ಲದ ದಿನ ಯಾರು ತರಗತಿ ನಡೆಸುತ್ತಾರೆ, ಇದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಆ ಹಾಳೆಯನ್ನು ಮನೆಯವರಿಗೂ ಓದಿ ಹೇಳಿ. ಬೆಳಗ್ಗೆ ನಾಲ್ಕೂವರೆಗೆ ಅಲಾರಾಂ ಹೊಡೆಯುವುದು ಅವರ ಕೋಣೆಯಲ್ಲೂ ಹೌದು.